ವಿದ್ಯುತ್ತಿನ ಚಮತ್ಕಾರ ಕರಾಮತ್ ಅಲ್ಲ

ಜನರನ್ನು ಆಳಲು ಯಾವಾಗಲೂ ಫಿರಂಗಿಯೇ ಬೇಕಿಲ್ಲ. ಅವರ ಅಜ್ಞಾನವೂ ಸಾಕು. ಅಲ್ಜೀರಿಯಾವನ್ನು ಆಳುತ್ತಿದ್ದ ಫ್ರೆಂಚ್ ಸರಕಾರವು ಅಲ್ಲಿನ ಮುಸ್ಲಿಮರ ಮೇಲೆ ಮರಬೂತ್‌ಗಳೆಂಬ ಧರ್ಮಗುರುಗಳಿಗಿದ್ದ ಪ್ರಭಾವವನ್ನು ಕುಗ್ಗಿಸಲು 1856ರಲ್ಲಿ ರಾಬರ್ಟ್ ಹೂಡಿನ್ ಎಂಬ ಜಾದೂಗಾರನನ್ನು ಕಳುಹಿಸಿತು. ಅವನ ಪುಟ್ಟ ಪೆಟ್ಟಿಗೆಯನ್ನು ಮೊದಲು ಸಲೀಸಾಗಿ ಎತ್ತಿದ ಬಲಿಷ್ಠನಿಗೆ ಮರುಸಲ ಅದನ್ನು ಕದಲಿಸಲಾಗಲಿಲ್ಲ. ಹಿಡಿಯಲ್ಲಿ ಹರಿದ ವಿದ್ಯುತ್ತಿಗೆ ಅವನು ಚೀರಿದನು. ವೇದಿಕೆಯಡಿ ವಿದ್ಯುತ್ಕಾಂತವಿತ್ತೆಂದು ಜಾದೂಗಾರನೇ ಆತ್ಮಕಥೆಯಲ್ಲಿ ಬರೆದಿದ್ದಾನೆ.

ಇಂದು ಇಂಥ ವಿದ್ಯೆ ಆಟಿಕೆಯೊಳಗೂ ಇದೆ. ಬ್ಯಾಟರಿಯಿಂದ ತಿರುಗುವ ಪಟ್ಟಿಯು ಕೋಲಿಗೆ ಸ್ಥಾಯೀ ವಿದ್ಯುತ್ತನ್ನು ತುಂಬುತ್ತದೆ. ಒಂದೇ ಬಗೆಯ ವಿದ್ಯುದಾವೇಶಗಳು ಪರಸ್ಪರ ದೂಡುವುದರಿಂದ ಮಿನುಗುವ ತೆಳುಹಾಳೆ ಗಾಳಿಯಲ್ಲಿ ತೇಲುತ್ತದೆ. ಆಟವೆಂದು ಹೇಳಿ ತೋರಿಸಿದರೆ ನಮ್ಮ ಆಕ್ಷೇಪವಿಲ್ಲ. ಅದನ್ನೇ ಕರಾಮತ್ ಎಂದು ಸಾರಿ ರೋಗಿಗಳಿಂದ ಹಣ ಕೀಳುವುದು ಶುದ್ಧ ವಂಚನೆ. ಅದಕ್ಕೆ ಮೌನ ಸಮ್ಮತಿ ನೀಡುವ ನಾವೂ ಅಲ್ಲಾಹನಿಗೆ ಉತ್ತರ ಕೊಡಬೇಕಾದೀತು.

ಫಿರ್‌ಔನನ ಮಾಂತ್ರಿಕರು ಹಗ್ಗಗಳಿಂದ ಜನರ ಕಣ್ಣಿಗೆ ಮೋಡಿ ಹಾಕಿದ್ದರು. ಆದರೆ ಮೂಸಾ(ಅ)ರ ಮುಂದೆ ಸತ್ಯವನ್ನು ಗುರುತಿಸಿ ಸುಜೂದ್‌ಗೆ ಬಿದ್ದವರೂ ಅವರೇ. ಏಕೆ? ತಂತ್ರವೆಲ್ಲಿ ಮುಗಿಯುತ್ತದೆಂಬುದನ್ನು ಅವರು ಬಲ್ಲವರಾಗಿದ್ದರು. ನಮ್ಮ ಮಕ್ಕಳೂ ಅದನ್ನು ಬಲ್ಲವರಾಗಲಿ. ವಿಜ್ಞಾನದ ಪಾಠವೂ ಈಮಾನನ್ನು ಕಾಯುತ್ತದೆ.