ಕಲ್ಪವೃಕ್ಷದ ಕಾಯಿ ಯಾರ ಮಡಿಲಿಗೆ?

ಮಕ್ಕಳಿಂದ ತೆಂಗಿನ ಮರದ ಮೇಲೆ ಪ್ರಬಂಧ ಬರೆಸದ ಕನ್ನಡ ಶಾಲೆ ಇದೆಯೇ ಎಂಬುದು ನನ್ನ ಅನುಮಾನ. ಹಸುವಿನ ನಂತರದ ಸ್ಥಾನ ಅದಕ್ಕೇ. ದೊಡ್ಡಬಳ್ಳಾಪುರ ತಾಲ್ಲೂಕಿನ ಮಧುರೆಯ ಆಸುಪಾಸಿನಲ್ಲಿ ಪಾಠ ಹೇಳುತ್ತಾ ಬಂದ ನಾನು ಈ ಇಪ್ಪತ್ತೆಂಟು ವರ್ಷಗಳಲ್ಲಿ "ತೆಂಗಿನ ಮರವನ್ನು ಕಲ್ಪವೃಕ್ಷ ಎಂದು ಕರೆಯುತ್ತಾರೆ" ಎಂಬ ವಾಕ್ಯಕ್ಕೆ ಅದೆಷ್ಟು ಸಾವಿರ ಸಲ ಸರಿ ಗುರುತು ಹಾಕಿದ್ದೇನೋ ಲೆಕ್ಕವಿಲ್ಲ. ಗರಿಯಿಂದ ಚಪ್ಪರ, ಕಡ್ಡಿಯಿಂದ ಪೊರಕೆ, ನಾರಿನಿಂದ ಹಗ್ಗ, ಚಿಪ್ಪಿನಿಂದ ಸೌಟು, ಕಾಯಿಯಿಂದ ಎಣ್ಣೆ, ಎಳನೀರಿನಿಂದ ಆರೋಗ್ಯ. ಹತ್ತಕ್ಕೆ ಎಂಟು ಅಂಕ.

ಬಹಳ ವರ್ಷಗಳ ಹಿಂದೆ ಏಳನೆಯ ತರಗತಿಯ ಒಬ್ಬ ಹುಡುಗಿ ಇದೆಲ್ಲವನ್ನೂ ಬರೆದು ಕೊನೆಗೆ ಒಂದು ಸಾಲು ಸೇರಿಸಿದ್ದಳು: "ತೆಂಗಿನಕಾಯಿಯನ್ನು ಎಲ್ಲರ ಮಡಿಲಿಗೂ ಹಾಕುತ್ತಾರೆ, ನಮ್ಮ ಅಜ್ಜಿಗೆ ಮಾತ್ರ ಹಾಕುವುದಿಲ್ಲ." ನಾನು ಆ ಸಾಲನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ ಪಕ್ಕದಲ್ಲಿ "ವಿಷಯಾಂತರ" ಎಂದು ಬರೆದೆ. ಒಂದು ಅಂಕವನ್ನೂ ಕಳೆದೆ. ಬಿ.ಎಡ್.ನಲ್ಲಿ ನನಗೆ ಹಾಗೆಯೇ ಕಲಿಸಿದ್ದರು.

ಈಗ ನನಗನ್ನಿಸುತ್ತದೆ, ಆ ಇಡೀ ಪುಟದಲ್ಲಿ ವಿಷಯಕ್ಕೆ ಸೇರಿದ್ದು ಆ ಒಂದು ಸಾಲೇ.

ಮೊದಲು ಈ ಕಲ್ಪವೃಕ್ಷದ ಮಾತನ್ನೇ ತೆಗೆದುಕೊಳ್ಳೋಣ. ಪುರಾಣದ ಕಲ್ಪವೃಕ್ಷದ ಕೆಳಗೆ ನಿಂತು ಬೇಡಿದರೆ ಬೇಡಿದ್ದು ಸಿಗುತ್ತದೆಯಂತೆ. ತೆಂಗಿನ ಮರದ ಕೆಳಗೆ ನಿಂತು ಏನಾದರೂ ಬೇಡಿ ನೋಡಿ. ಹೆಚ್ಚೆಂದರೆ ಒಣಗಿದ ಗರಿಯೊಂದು ತಲೆಯ ಮೇಲೆ ಬಿದ್ದೀತು. ಹೂವಾದದ್ದು ಬಲಿತ ಕಾಯಿಯಾಗಲು ಹನ್ನೊಂದು ಹನ್ನೆರಡು ತಿಂಗಳು ಬೇಕು. ಮರ ಹತ್ತಿ ಕೀಳುವವರು ಗಂಡಸರು, ಅವರ ಎದೆಗಾರಿಕೆಯನ್ನು ನಾನು ಅಲ್ಲಗಳೆಯುವುದಿಲ್ಲ. (ತೆಂಗು ಅಭಿವೃದ್ಧಿ ಮಂಡಳಿಯವರು 2011ರಲ್ಲಿ ಮರ ಹತ್ತುವ ತರಬೇತಿ ಆರಂಭಿಸಿದಾಗ ಹೆಂಗಸರೂ ಯಂತ್ರ ಕಟ್ಟಿಕೊಂಡು ಹತ್ತಿದರು. ಆ ಮಾತು ಬೇರೆ.) ಆದರೆ ಕಾಯಿ ನೆಲಕ್ಕೆ ಬಿದ್ದ ಮೇಲೆ ಅದನ್ನು "ಉಪಯೋಗ" ಮಾಡುವವರು ಯಾರು?

ಬಿದ್ದ ಗರಿಯನ್ನು ಮನೆಗೆ ಎಳೆದು ತರುವವಳು ಹೆಂಗಸು. ಮಧ್ಯಾಹ್ನದ ಊಟವಾದ ಮೇಲೆ, ಗಂಡಸರು ಜಗಲಿಯ ಮೇಲೆ ಮಲಗಿದ ಹೊತ್ತಿನಲ್ಲಿ, ಎಲೆ ಸೀಳಿ ಒಂದೊಂದೇ ಕಡ್ಡಿಯನ್ನು ಹೆರೆದು ಪೊರಕೆ ಕಟ್ಟುವವಳು ಅವಳು. ಮಟ್ಟೆ, ಚಿಪ್ಪು ಒಲೆಗೆ ಜೋಡಿಸಿಡುವವಳು ಅವಳು. ತಿಪಟೂರಿನ ಕಡೆ ಬಲಿತ ಕಾಯಿಯನ್ನು ಎಂಟು ಹತ್ತು ತಿಂಗಳು ಅಟ್ಟದ ಮೇಲಿಟ್ಟು, ಒಳಗಿನ ನೀರು ಇಂಗಿ ಗಿಟುಕು ಅಲ್ಲಾಡುವಂತಾದ ಮೇಲೆ, ಚಿಪ್ಪು ಒಡೆದು ಉಂಡೆ ಕೊಬ್ಬರಿಯನ್ನು ಮುರಿಯದಂತೆ ಬಿಡಿಸುವ ಕೆಲಸಕ್ಕೆ ಸಾಲಾಗಿ ಕೂರುವವರು ಹೆಂಗಸರು. ತೆಂಗಿನ ನಾರಿನ ಕೆಲಸದಲ್ಲಿಯೂ ದೇಶದ ಉದ್ದಗಲಕ್ಕೆ ಹೆಚ್ಚಿನವರು ಹೆಂಗಸರೇ. ಅಂಗೈಯ ಚರ್ಮ ಸುಲಿದು ಹೋಗುವ ಕೆಲಸ ಅದು. ಕೊಬ್ಬರಿಗೆ ಸರ್ಕಾರದ ಬೆಂಬಲ ಬೆಲೆಯಿದೆ, 2025ರ ಹಂಗಾಮಿಗೆ ಉಂಡೆ ಕೊಬ್ಬರಿ ಕ್ವಿಂಟಾಲಿಗೆ 12,100 ರೂಪಾಯಿ. ಕಡ್ಡಿ ಹೆರೆಯುವವಳಿಗೆ ಯಾವ ಬೆಂಬಲ ಬೆಲೆಯನ್ನೂ ಯಾರೂ ಗೊತ್ತು ಮಾಡಿಲ್ಲ.

ಇನ್ನು ಅಡುಗೆಮನೆಯ ವಿಷಯ ನಿಮಗೆ ನಾನು ಹೇಳಬೇಕಾಗಿಲ್ಲ. ಮಿಕ್ಸಿ ಬಂತು, ಗ್ಯಾಸ್ ಬಂತು. ತುರಿಮಣೆಯ ಮುಂದೆ ಕೂರುವುದು ಮಾತ್ರ ತಪ್ಪಲಿಲ್ಲ. ಒಂದು ಕಾಯನ್ನು ಬೆಳಗಿನ ಚಟ್ನಿಗಿಷ್ಟು, ಮಧ್ಯಾಹ್ನದ ಸಾರಿಗಿಷ್ಟು, ಉಳಿದ ಹೋಳು ನಾಳೆಯ ಪಲ್ಯಕ್ಕೆ ಎಂದು ಭಾಗ ಮಾಡುವ ಲೆಕ್ಕ ನಮ್ಮದು. 2025ರಲ್ಲಿ ಕಾಯಿಯ ಬೆಲೆ ಏರಿದಾಗ ಚಟ್ನಿಗೆ ಹುರಿಗಡಲೆ ಹೆಚ್ಚು ಮಾಡಿ ಮನೆಯವರಿಗೆ ಗೊತ್ತಾಗದಂತೆ ನೋಡಿಕೊಂಡವರೂ ನಾವೇ. ದಿನಾ ಬೆಳಗ್ಗೆ ಅಡುಗೆಮನೆಯಲ್ಲಿ ಮಚ್ಚಿನ ಹಿಂಬದಿಯಿಂದ ಕಾಯಿ ಒಡೆಯುವ ಇದೇ ಕೈ, ದೇವರ ಮುಂದೆ ಮಾತ್ರ ಒಡೆಯಬಾರದು, ಅಲ್ಲಿ ಗಂಡಸರೇ ಬೇಕು! ಮನೆಯಲ್ಲಿ ಗಂಡಸರಿಲ್ಲದ ದಿನ ಪಕ್ಕದ ಮನೆಯ ಎಂಟು ವರ್ಷದ ಹುಡುಗನನ್ನು ಕರೆದು ಒಡೆಸಿದವರನ್ನು ನಾನು ಕಂಡಿದ್ದೇನೆ. ಹುಡುಗ ಮೂರು ಏಟಿಗೆ ನೀರನ್ನೆಲ್ಲ ಚೆಲ್ಲಿ ಒಡೆದ.

ಇಷ್ಟನ್ನೂ ಸಹಿಸಿಕೊಂಡಿದ್ದೆ. ನಾಲ್ಕು ವರ್ಷಗಳ ಹಿಂದೆ ನಮ್ಮ ಯಜಮಾನರು ತೀರಿಕೊಂಡರು. ವರ್ಷ ಕಳೆದ ಮೇಲೆ ಪರಿಚಯದವರ ಗೃಹಪ್ರವೇಶಕ್ಕೆ ಹೋದೆ. ಹೊಸ ಬಡಾವಣೆ. ಅಲ್ಲಿ ಮೊದಲು ತೆಂಗಿನ ತೋಟವಿತ್ತು, ನನ್ನ ಕಣ್ಣ ಮುಂದೆಯೇ ಮರಗಳನ್ನು ಉರುಳಿಸಿ ಸೈಟು ಮಾಡಿದ್ದರು. ತೋಟ ಕಡಿದ ಜಾಗದಲ್ಲಿ ಕಟ್ಟಿದ ಮನೆಗೆ ಅಂಗಡಿಯಿಂದ ಮೂಟೆಗಟ್ಟಲೆ ಕಾಯಿ ತಂದಿದ್ದರು. ಊಟವಾದ ಮೇಲೆ ಹೆಂಗಸರನ್ನು ಸಾಲಾಗಿ ಕೂರಿಸಿ ಅರಿಶಿನ ಕುಂಕುಮ, ಎಲೆ ಅಡಿಕೆ, ಕಣ, ಕಾಯಿ ಕೊಡುತ್ತಾ ಬಂದರು. ನನ್ನ ಎಡಗಡೆಯವರಿಗೆ ಕೊಟ್ಟರು, ಬಲಗಡೆಯವರಿಗೆ ಕೊಟ್ಟರು. ನನ್ನ ಮುಂದೆ ಮನೆಯಾಕೆಯ ಕೈ ಒಂದು ಕ್ಷಣ ನಿಂತು ಮುಂದೆ ಹೋಯಿತು. "ಬೇಜಾರು ಮಾಡ್ಕೋಬೇಡಿ ಮೇಡಂ, ಶಾಸ್ತ್ರ ನೋಡಿ" ಎಂದರು. ಆಕೆ ಕೆಟ್ಟವರಲ್ಲ. ಬಡಿಸುವಾಗ ನನಗೆ ಎರಡು ಸಲ ಒಬ್ಬಟ್ಟು ಹಾಕಿದ್ದರು.

ಆ ಹೊತ್ತಿಗೆ ನೆನಪಾದದ್ದು ನಾನು ಹೊಡೆದುಹಾಕಿದ ಆ ಸಾಲು.

ಇನ್ನೊಂದನ್ನೂ ಹೇಳಿಬಿಡುತ್ತೇನೆ, ಇಲ್ಲವಾದರೆ ಈ ಬರಹ ಸುಳ್ಳಾಗುತ್ತದೆ. ನಮ್ಮ ಅತ್ತೆಯವರು ಗಂಡನನ್ನು ಕಳೆದುಕೊಂಡು ಹದಿನಾರು ವರ್ಷ ನಮ್ಮೊಂದಿಗಿದ್ದರು. ಪ್ರತಿ ಗೌರಿ ಹಬ್ಬಕ್ಕೂ ಬೆಳಗಿನ ಜಾವವೆದ್ದು ಕಾಯಿ ತುರಿದು ಕೊಡುತ್ತಿದ್ದವರು ಅವರು. ಬಾಗಿನ ಕೊಡುವ ಹೊತ್ತಿಗೆ ತಾವಾಗಿಯೇ ಹಿತ್ತಿಲಿಗೆ ಎದ್ದು ಹೋಗುತ್ತಿದ್ದರು. ಒಂದು ವರ್ಷವಾದರೂ ನಾನು "ಅತ್ತೆ, ಬನ್ನಿ, ಕೂತ್ಕೊಳ್ಳಿ" ಎನ್ನಲಿಲ್ಲ. ಅವರೇ ಎದ್ದು ಹೋಗುತ್ತಾರಲ್ಲ, ನನಗೆ ಮುಜುಗರ ತಪ್ಪಿತು ಎಂದುಕೊಂಡೆ. ಅವರೀಗ ಇಲ್ಲ.

ಶಾಸ್ತ್ರ, ಶಾಸ್ತ್ರ ಎನ್ನುತ್ತೇವೆ. ನಮ್ಮ ಚಿಕ್ಕಮಧುರೆಯ ಶನಿಮಹಾತ್ಮನ ಸನ್ನಿಧಿಗೆ ಶ್ರಾವಣದ ಶನಿವಾರಗಳಲ್ಲಿ ಒಮ್ಮೆ ಬಂದು ನೋಡಿ. ದಾರಿಯ ಎರಡೂ ಬದಿಯಲ್ಲಿ ಹಣ್ಣುಕಾಯಿ, ಎಳ್ಳೆಣ್ಣೆ ಇಟ್ಟುಕೊಂಡು ಕುಳಿತ ಹೆಂಗಸರಲ್ಲಿ ಗಂಡ ಸತ್ತವರು ಎಷ್ಟೋ ಮಂದಿ. ಮಕ್ಕಳನ್ನು ಸಾಕಲೆಂದೇ ಬುಟ್ಟಿ ಹೊತ್ತವರು. ಅವರ ಕೈಯಿಂದ ಕಾಯಿ ಕೊಳ್ಳುವಾಗ "ನಿನಗೆ ಗಂಡ ಇದ್ದಾನೇನಮ್ಮ?" ಎಂದು ಯಾರೂ ಕೇಳುವುದಿಲ್ಲ. ಎರಡು ರೂಪಾಯಿ ಕಡಿಮೆ ಮಾಡಿಕೋ ಎಂದಷ್ಟೇ ಕೇಳುತ್ತೇವೆ. ಅವಳು ಮುಟ್ಟಿದ ಕಾಯಿ ಶನಿದೇವರಿಗೆ ನಡೆಯುತ್ತದೆ. ಅದೇ ಕಾಯನ್ನು ಅವಳ ಮಡಿಲಿಗೆ ಹಾಕಿದರೆ ಮಾತ್ರ ನಮ್ಮ ಮನೆಗೆ ಅಮಂಗಳವೇ? ಇದು ಯಾವ ಶಾಸ್ತ್ರ?

ಬದಲಾಯಿಸಲಾಗದು ಎನ್ನಬೇಡಿ. ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠೆ ಮಾಡಿದ ಮಂಗಳೂರಿನ ಕುದ್ರೋಳಿ ಗೋಕರ್ಣನಾಥೇಶ್ವರ ದೇವಸ್ಥಾನದಲ್ಲಿ 2013ರಲ್ಲಿ ಇಬ್ಬರು ವಿಧವೆಯರನ್ನು ಅರ್ಚಕರನ್ನಾಗಿ ನೇಮಿಸಿದರು. ನಮ್ಮ ಗಡಿಯಾಚೆಯ ಕೊಲ್ಹಾಪುರ ಜಿಲ್ಲೆಯ ಹೇರವಾಡದಲ್ಲಿ 2022ರ ಮೇ ತಿಂಗಳಲ್ಲಿ ಗ್ರಾಮ ಪಂಚಾಯಿತಿಯೇ ಠರಾವು ಮಾಡಿ, ಗಂಡ ಸತ್ತವಳ ಬಳೆ ಒಡೆಯುವುದು, ಕುಂಕುಮ ಅಳಿಸುವುದು ನಿಲ್ಲಬೇಕೆಂದಿತು. ಅದೇ ತಿಂಗಳು ಮಹಾರಾಷ್ಟ್ರ ಸರ್ಕಾರ ಉಳಿದ ಪಂಚಾಯಿತಿಗಳಿಗೂ ಅದನ್ನೇ ಅನುಸರಿಸಿ ಎಂದು ಸುತ್ತೋಲೆ ಕಳಿಸಿತು. ನಮ್ಮ ನಮ್ಮ ನಡುಮನೆಗೆ ಸುತ್ತೋಲೆ ಏಕೆ ಬೇಕು? ತಾಂಬೂಲ ಕೊಡುವ ತಟ್ಟೆ ಹಿಡಿದವರು ಗಂಡಸರಲ್ಲ. ಅವರು ಆ ಹೊತ್ತಿಗೆ ಹೊರಗೆ ಕುರ್ಚಿ ಹಾಕಿಕೊಂಡು ಎಲೆ ಅಡಿಕೆ ಮೆಲ್ಲುತ್ತಿರುತ್ತಾರೆ. ಒಬ್ಬಳ ಮುಂದೆ ತಟ್ಟೆಯನ್ನು ಮುಂದಕ್ಕೆ ದಾಟಿಸುವುದು ನಮ್ಮದೇ ಕೈ. ಎಮ್ಮೆಸ್ಸಿ ಓದಿದ, ಬ್ಯಾಂಕಿನಲ್ಲಿ ಕೆಲಸ ಮಾಡುವ ಕೈಗಳೂ ದಾಟಿಸುವುದನ್ನು ನಾನು ನೋಡಿದ್ದೇನೆ.

ಕಳೆದ ಗೌರಿ ಹಬ್ಬದ ದಿನ ಪೊರಕೆ ಮಾರುವ ಅಜ್ಜಿ ನಮ್ಮ ಬೀದಿಗೆ ಬಂದರು. ಎರಡು ಪೊರಕೆ ಕೊಂಡೆ, ಒಳಗೆ ಕರೆದು ಮಣೆ ಹಾಕಿದೆ. ತಟ್ಟೆಯಲ್ಲಿ ಅರಿಶಿನ ಕುಂಕುಮ, ಕಣ, ಕಾಯಿ ಇಟ್ಟು ತಂದಾಗ ಅಜ್ಜಿ ಗಾಬರಿಯಾಗಿ ಎದ್ದೇಬಿಟ್ಟರು.

"ಬ್ಯಾಡ ಕಣವ್ವಾ, ನಿಂಗೇನಾರಾ ಆದ್ರೆ ನನ್ ಮ್ಯಾಲೆ ಬತ್ತದೆ."

"ಆಗೋದೆಲ್ಲಾ ಆಗಿಹೋಗಿದೆಯಲ್ಲ ಅಜ್ಜಿ, ಇನ್ನೇನಾಗಬೇಕು ನನಗೆ?" ಎಂದೆ.

ಅಜ್ಜಿ ನನ್ನ ಹಣೆ ನೋಡಿದರು, ಕುತ್ತಿಗೆ ನೋಡಿದರು. ಆಮೇಲೆ ಕೂತು ಸೆರಗೊಡ್ಡಿದರು. ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೀರಿದೆಯೇ ಎಂದು ನೋಡಿದರು, ಜೀವನವಿಡೀ ತೆಂಗಿನೊಡನೆ ಬದುಕಿದವರ ಅಭ್ಯಾಸ. ಎದ್ದು ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದರು:

"ಇನ್ನೊಂದ್ ಕೊಟ್ಟೀಯೇನವ್ವಾ? ಮನ್ಯಾಗೆ ನಮ್ಮ ಓರಗಿತ್ತಿ ಅವ್ಳೆ. ಅವ್ಳೂ ನನ್ನಂಗೇಯ."

ಕೊಟ್ಟೆ.