ಇಗರ್ಜಿಯಲ್ಲಿ ನಮ್ಮ ಮಕ್ಕಳಿಗೇನು ಕೆಲಸ?

ಶಾಲೆಯ ಪ್ರವಾಸದ ಯಾದಿ ಸಿದ್ಧವಾಗುತ್ತಿತ್ತು. ಗೋಕರ್ಣ, ಮುರ್ಡೇಶ್ವರ, ಉಡುಪಿ, ಧರ್ಮಸ್ಥಳಗಳಿಗೆ ಯಾರ ಅಡ್ಡಿಯೂ ಇರಲಿಲ್ಲ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಮಂದಿರದ ಹೆಸರನ್ನು ನಾನು ಸೇರಿಸಿದೊಡನೆ ಪಾಲಕರೊಬ್ಬರು ಎದ್ದು ನಿಂತು, "ಗುರುಗಳ, ಚರ್ಚಿನಾಗ ನಮ್ಮ ಹುಡುಗರಿಗೆ ಏನ ಕೆಲಸ?" ಎಂದು ಕೇಳಿದರು. ಅದು ನೇರವಾದ ಪ್ರಶ್ನೆ. ಅದಕ್ಕೆ ನನಗೆ ಬೇಸರವಿಲ್ಲ. ಬೇಸರವಾದುದು ಉಪಾಧ್ಯಾಯ ಬಂಧುಗಳೊಬ್ಬರು ಅದಕ್ಕೆ ಕೊಟ್ಟ ಬೆಂಬಲದಿಂದ: "ಅದು ನಮ್ಮ ಧರ್ಮದ್ದೂ ಅಲ್ಲ, ಕನ್ನಡದ್ದೂ ಅಲ್ಲ." ಆ ಹೆಸರಿನ ಮೇಲೆ ಗೆರೆ ಎಳೆಯಲಾಯಿತು. ಬಸ್ಸು ಮಂಗಳೂರನ್ನು ದಾಟಿ ಮುಂದೆ ಹೋಯಿತು. ಅಂದು ಸಭೆಯಲ್ಲಿ ಆಡದೆ ನುಂಗಿಕೊಂಡ ಉತ್ತರವನ್ನು ಇಂದು ಈ ಪತ್ರಿಕೆಯ ವಾಚಕರ ಮುಂದೆ ಇಡುತ್ತಿದ್ದೇನೆ.

ಮೊದಲು, ಅಲ್ಲಿ ಏನಿದೆ ಎಂಬುದನ್ನು ಹೇಳಬೇಕು. ಹಿಂದೊಮ್ಮೆ ನಾನೊಬ್ಬನೇ ಹೋಗಿ ನೋಡಿ ಬಂದವನು. ಕರಾವಳಿಯವರು ಚರ್ಚನ್ನು ಇಗರ್ಜಿ ಎನ್ನುವರು. ಅದು ಪೋರ್ತುಗೀಸರಿಂದ ಬಂದು ಅಲ್ಲಿಯದೇ ಆಗಿಹೋದ ಮಾತು. ಯೇಸುಸಭೆಯ ಪಾದ್ರಿಗಳು 1880ರಲ್ಲಿ ಸ್ಥಾಪಿಸಿದ ಆ ಕಾಲೇಜು ಮಂಗಳೂರಿನ ಬಾವುಟಗುಡ್ಡೆಯ ಮೇಲಿದೆ. ಅದರ ಪ್ರಾರ್ಥನಾಮಂದಿರವು ಹೊರಗಿನಿಂದ ಸಾಧಾರಣವಾಗಿ ಕಾಣುವುದು. ಒಳಗೆ ಕಾಲಿಟ್ಟವನು ಮಾತ್ರ ತಲೆಯೆತ್ತಿದವನು ಇಳಿಸಲಾರನು. ಗೋಡೆ, ಕಮಾನು, ಮಾಳಿಗೆ ಎಲ್ಲವೂ ಚಿತ್ರಮಯ. ಇದನ್ನು ರಚಿಸಿದವನು ಅಂತೋನಿಯೊ ಮೊಸ್ಕೇನಿ. ಇಟಲಿಯ ಬೆರ್ಗಮೊ ಪಟ್ಟಣದ ಬಳಿಯ ಸ್ತೆಜ್ಜಾನೊ ಎಂಬ ಸಣ್ಣ ಊರಿನಲ್ಲಿ 1854ರಲ್ಲಿ ಹುಟ್ಟಿದವನು. ಚಿತ್ರಕಲೆಯನ್ನು ಶಾಸ್ತ್ರೋಕ್ತವಾಗಿ ಕಲಿತ ಮೇಲೆ ಯೇಸುಸಭೆಯನ್ನು ಸೇರಿದವನು. 1899ರಿಂದ 1901ರವರೆಗೆ ಮಂಗಳೂರಿನ ಸೆಕೆಯಲ್ಲಿ, ಅಟ್ಟಣಿಗೆಯ ಮೇಲೆ ನಿಂತು ಅವನು ಈ ಕೆಲಸವನ್ನು ನಡೆಸಿದನು. ಮುಂದೆ ಕೊಚ್ಚಿಯ ಇಗರ್ಜಿಯಲ್ಲಿ ಚಿತ್ರ ಬರೆಯಲು ಹೋಗಿ, 1905ರಲ್ಲಿ ಅಲ್ಲಿಯೇ ತೀರಿಕೊಂಡನು.

ಇಲ್ಲಿಯ ಚಿತ್ರಗಳಲ್ಲಿ ಕೆಲವು ಕ್ಯಾನ್ವಾಸಿನ ಮೇಲೆ ಎಣ್ಣೆಬಣ್ಣದವು. ಮಿಕ್ಕವು ಹಸಿಗಾರೆಯ ಮೇಲಿನವು. ಹಸಿಗಾರೆಯ ವಿಧಾನ ಕಠಿಣವಾದುದು. ಒಂದು ದಿನದಲ್ಲಿ ಚಿತ್ರಿಸಬಹುದಾದಷ್ಟೇ ಜಾಗಕ್ಕೆ ಸುಣ್ಣದ ಗಿಲಾವು ಮಾಡಬೇಕು. ಅದು ಆರುವ ಮೊದಲೇ ನೀರಿನಲ್ಲಿ ಕಲಸಿದ ಬಣ್ಣವನ್ನು ಹಚ್ಚಿ ಮುಗಿಸಬೇಕು. ಸುಣ್ಣವು ಗಾಳಿಯನ್ನು ಹೀರಿ ಮತ್ತೆ ಕಲ್ಲಾಗುವಾಗ ಬಣ್ಣವನ್ನು ತನ್ನೊಳಗೇ ಹಿಡಿದಿಟ್ಟುಕೊಳ್ಳುವುದು. ತಪ್ಪಿದರೆ ಅಳಿಸುವಂತಿಲ್ಲ, ಗಿಲಾವನ್ನೇ ಕೆತ್ತಿ ಮತ್ತೆ ಮೊದಲಿನಿಂದ ತೊಡಗಬೇಕು. ಇದನ್ನು ತರಗತಿಯಲ್ಲಿ ನಾನು ಹೇಳಿದಾಗ, ಗೌಂಡಿಯೊಬ್ಬರ ಮಗ, ಯಾವಾಗಲೂ ಹಿಂದಿನ ಸಾಲಿನಲ್ಲಿ ಮೌನವಾಗಿ ಕೂಡುವವನು, ಎದ್ದು ನಿಂತು ಕೇಳಿದನು: "ಗುರುಗಳ, ನಮ್ಮಪ್ಪ ಮಾಡೂ ಗಿಲಾವಿನ ಮ್ಯಾಲ ಚಿತ್ರ ನಿಲ್ತದೇನ್ರಿ?" ವರುಷವಿಡೀ ಅವನು ಕೇಳಿದ ಪ್ರಶ್ನೆ ಅದೊಂದೇ.

ಇನ್ನು ಆಕ್ಷೇಪಣೆಗಳಿಗೆ ಬರೋಣ. "ಅದು ಪರಧರ್ಮದ್ದು" ಎಂಬುದು ಮೊದಲನೆಯದು. ಆ ಮಾಳಿಗೆಯ ಮೇಲೆ ಯಾರ ಕಥೆಯಿದೆ? ಅಲೋಶಿಯಸ್ ಗೊನ್ಸಾಗನದು. ಇಟಲಿಯ ಕಾಸ್ತಿಲ್ಯೋನೆ ಎಂಬ ಪುಟ್ಟ ಊರು ನಮ್ಮ ಕುರುಂದವಾಡದಂತೆ ಒಂದು ಸಣ್ಣ ಸಂಸ್ಥಾನವಾಗಿತ್ತು. ಅದರ ಒಡೆಯನ ಹಿರಿಯ ಮಗನಾಗಿ 1568ರಲ್ಲಿ ಅವನು ಹುಟ್ಟಿದನು. ಹದಿಹರೆಯದಲ್ಲಿಯೇ ಪಟ್ಟದ ಹಕ್ಕನ್ನು ತಮ್ಮನಿಗೆ ಬಿಟ್ಟುಕೊಟ್ಟು ವಿರಕ್ತನಾದನು. 1591ರಲ್ಲಿ ರೋಮ್ ನಗರಕ್ಕೆ ಸಾಂಕ್ರಾಮಿಕ ಬೇನೆ ಬಂದಾಗ ರೋಗಿಗಳನ್ನು ತಾನೇ ಹೊತ್ತು ಆರೈಕೆ ಮಾಡಿ, ಅದೇ ಬೇನೆ ತಗುಲಿ, ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಮಡಿದನು. ಕಾಸ್ತಿಲ್ಯೋನೆಯ ಇಗರ್ಜಿಯಲ್ಲಿ ಅವನ ತಲೆಬುರುಡೆಯನ್ನು ಇಂದಿಗೂ ಕಾಪಾಡಿರುವರು. ಆ ಊರಿಗೆ ನಮ್ಮ ಮಕ್ಕಳನ್ನು ಕರೆದೊಯ್ಯುವುದು ನಮ್ಮಿಂದಾಗದು. ಆದರೆ ಆ ಊರಿನ ಕಥೆಯೇ ಮಂಗಳೂರಿಗೆ ಬಂದು ಕುಳಿತಿದೆ.

ಬಂಧುಗಳೇ, ಈ ಕಥೆ ನಮಗೆ ಹೊಸದೆ? ಕುಂಭೋಜದ ಬಳಿ 1963ರಲ್ಲಿ ನಿಲ್ಲಿಸಿದ ಇಪ್ಪತ್ತೆಂಟು ಅಡಿಯ ಬಾಹುಬಲಿಯನ್ನು ನಮ್ಮ ಮಕ್ಕಳು ಕಂಡಿರುವರು. ಗೆದ್ದ ರಾಜ್ಯವನ್ನು ಅಣ್ಣನಿಗೆ ಬಿಟ್ಟವನನ್ನು ಬಲ್ಲ ಮಗುವಿಗೆ, ಬರಲಿದ್ದ ರಾಜ್ಯವನ್ನು ತಮ್ಮನಿಗೆ ಬಿಟ್ಟವನು ಪರಕೀಯನಾಗುವುದು ಹೇಗೆ? 1897ರಲ್ಲಿ ಪುಣೆಯಲ್ಲಿ ಪ್ಲೇಗು ತಗುಲಿದ ಹುಡುಗನನ್ನು ಬೆನ್ನ ಮೇಲೆ ಹೊತ್ತು ತಂದು, ಅದೇ ಪ್ಲೇಗಿನಿಂದ ಪ್ರಾಣಬಿಟ್ಟ ಸಾವಿತ್ರಿಬಾಯಿ ಫುಲೆಯವರ ಚಿತ್ರಕ್ಕೆ ವರ್ಷವರ್ಷವೂ ಮಾಲೆ ಹಾಕುವ ಶಿಕ್ಷಕರಲ್ಲವೆ ನಾವು? ಅವರು ತೀರಿಕೊಂಡ ಎರಡು ವರುಷಗಳ ಬಳಿಕ ಮೊಸ್ಕೇನಿ ಮಂಗಳೂರಿನಲ್ಲಿ ಕುಂಚ ಹಿಡಿದನು. ಒಂದೇ ಬಗೆಯ ಸಾವನ್ನು ಪುಣೆಯಲ್ಲಿ ಪೂಜಿಸಿ ಮಂಗಳೂರಿನಲ್ಲಿ ಕಣ್ಣುಮುಚ್ಚಿಕೊಳ್ಳುವುದು ಯಾವ ಶಿಕ್ಷಣ?

"ಗೋವೆಯಲ್ಲಿ ಪೋರ್ತುಗೀಸರು ಏನು ಮಾಡಿದರೆಂಬುದನ್ನು ಮರೆತಿರಾ?" ಎಂದು ಕೇಳುವವರೂ ಇರುವರು. ಮರೆತಿಲ್ಲ, ಮರೆಯಲೂ ಬಾರದು. 1560ರಲ್ಲಿ ಅಲ್ಲಿ ಧರ್ಮವಿಚಾರಣೆಯ ನ್ಯಾಯಸ್ಥಾನ ಸ್ಥಾಪನೆಯಾಯಿತು. 1812ರಲ್ಲಿ ಕಡೆಯದಾಗಿ ಮುಚ್ಚಿತು. ಆ ಕ್ರೌರ್ಯವನ್ನು ಮಕ್ಕಳಿಗೆ ವಯಸ್ಸಿಗೆ ತಕ್ಕಂತೆ ಮುಚ್ಚುಮರೆಯಿಲ್ಲದೆ ಹೇಳತಕ್ಕದ್ದು. ಆದರೆ ಅದರ ಲೆಕ್ಕವನ್ನು ಮಂಗಳೂರಿನ ಚಿತ್ರಕಾರನಿಂದ ವಸೂಲು ಮಾಡುವುದು ನ್ಯಾಯವಲ್ಲ. ನೋಡುವುದು ಬೇರೆ, ನಂಬುವುದು ಬೇರೆ. ನಾವು ಮಕ್ಕಳಿಗೆ ಜಪ ಹೇಳಿಕೊಡಲು ಹೋಗುವವರಲ್ಲ.

ಎರಡನೆಯ ಆಕ್ಷೇಪಣೆ "ಅದು ಕನ್ನಡದ್ದಲ್ಲ" ಎಂಬುದು. ಇದನ್ನು ಬೇರೆ ಯಾರಾದರೂ ಹೇಳಲಿ, ಉದಗಾಂವದ ಸುತ್ತಿನ ಕನ್ನಡಿಗರಾದ ನಾವು ಹೇಳಬಾರದು. ನಮ್ಮ ಶಿರೋಳ ತಾಲೂಕಿನ ಖಿದ್ರಾಪುರದ ಕೋಪೇಶ್ವರ ದೇವಾಲಯವನ್ನು ನೆನೆಯಿರಿ. ಆಕಾಶಕ್ಕೆ ತೆರೆದ ಆ ಸ್ವರ್ಗಮಂಟಪದ ದೇವಾಲಯದಲ್ಲಿ ಯಾದವ ಸಿಂಘಣನ ಸಂಸ್ಕೃತ ಶಾಸನವಿದೆ. ಹಳಗನ್ನಡದ ಶಾಸನಗಳೂ ಇವೆ. 1960ರಲ್ಲಿ ಮಹಾರಾಷ್ಟ್ರ ರಾಜ್ಯವಾಯಿತು. ಅಂದಿನಿಂದ ಇಂದಿನವರೆಗೂ ಮರಾಠಿ ಶಾಲೆಗಳ ಮಕ್ಕಳು ಸಾಲುಸಾಲಾಗಿ ಬಂದು ಆ ಕಂಬಗಳನ್ನು ಮುಟ್ಟಿ ನೋಡುತ್ತಾರೆ. ಅವರ ಗುರುಗಳು "ಇದರ ಅಕ್ಷರ ನಮ್ಮದಲ್ಲ, ನಡೆಯಿರಿ" ಎಂದರೆ ನಮ್ಮ ಎದೆಗೆ ಏನನ್ನಿಸುವುದು? ಅವರು ಹಾಗೆನ್ನದೆ ಅದನ್ನು ತಮ್ಮ ಹೆಮ್ಮೆಯೆಂದು ಭಾವಿಸುವುದರಿಂದಲೇ ಅಲ್ಲವೆ, ಗಡಿಯ ಈಚೆಗೆ ಉಳಿದ ಕನ್ನಡದ ಕಲ್ಲಿಗೆ ಗೌರವ ದೊರೆಯುತ್ತಿರುವುದು? ಪರರಿಂದ ಬಯಸುವ ಕಣ್ಣನ್ನು ನಾವು ಪರರಿಗೆ ಕೊಡದಿದ್ದರೆ ನಮ್ಮ ಕನ್ನಡಾಭಿಮಾನಕ್ಕೆ ಬೆಲೆಯೇನು?

ಕಡೆಯದಾಗಿ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ಹೋದ ಸ್ಥಳಗಳನ್ನಾದರೂ ನಾವು ತೋರಿಸಿದೆವೆ? ಬಸ್ಸು ನಿಂತಿತು, ಸೀಟಿ ಊದಿದೆವು, ಎಣಿಸಿದೆವು, ಫೋಟೋ ತೆಗೆದೆವು, ಮತ್ತೆ ಎಣಿಸಿ ಹತ್ತಿಸಿದೆವು. ಹೀಗೆ ನೋಡುವುದಾದರೆ ಇಗರ್ಜಿಯೂ ಬೇಡ, ಗುಡಿಯೂ ಬೇಡ. ಹೋಗುವ ವಾರ ಒಂದು ತಾಸು ಕಥೆ ಹೇಳೋಣ. ಒಳಗೆ ಮೌನವಾಗಿ ಕುಳ್ಳಿರಿಸಿ, ಪ್ರತಿಯೊಬ್ಬನೂ ಒಂದೇ ಒಂದು ಚಿತ್ರವನ್ನು ಆರಿಸಿಕೊಂಡು ದಿಟ್ಟಿಸುವಂತೆ ಮಾಡೋಣ. ಹಿಂದಿನ ಗೋಡೆಯ ಮೇಲೆ ಮಕ್ಕಳ ಗೆಳೆಯನಾದ ಯೇಸುವಿನ ಚಿತ್ರವೂ ಇದೆ. ಪ್ರಾಥಮಿಕ ಶಾಲೆಯವರಿಗೆ ಅದು ಸಾಲದೆ? ಮರಳಿದ ಮೇಲೆ ಶಾಲೆಯ ಗೋಡೆಯ ಒಂದು ಚದರ ಅಡಿಗೆ ಸುಣ್ಣದ ಗಿಲಾವು ಮಾಡಿಸಿ, ಕೆಮ್ಮಣ್ಣು ಮತ್ತು ಇದ್ದಿಲಿನ ಪುಡಿ ಕೊಟ್ಟು ಮಕ್ಕಳಿಂದಲೇ ಬರೆಯಿಸೋಣ. ಇದಕ್ಕೆ ಅನುದಾನ ಬೇಕಿಲ್ಲ.

ಆ ಗೌಂಡಿಯ ಮಗನಿಗೆ ಅಂದು ನಾನು, "ಮಂಗಳೂರಿನಲ್ಲಿ ನೀನೇ ನೋಡುವಿಯಂತೆ" ಎಂದಿದ್ದೆ. ಮಾತು ಉಳಿಸಿಕೊಳ್ಳಲಾಗಲಿಲ್ಲ. ತಂದೆಯ ಕೈಯ ಕೆಲಸ ಎಷ್ಟು ಎತ್ತರಕ್ಕೆ ಹೋಗಬಲ್ಲುದೆಂಬುದನ್ನು ಅವನು ಕಣ್ಣಾರೆ ಕಾಣಬಹುದಾಗಿತ್ತು, ನಾವು ಕಾಣಗೊಡಲಿಲ್ಲ. ಮುಂದಿನ ಯಾದಿಯಲ್ಲಿ ಆ ಹೆಸರನ್ನು ಮತ್ತೆ ಬರೆಯುವೆನು. ಇಗರ್ಜಿಯಲ್ಲಿ ನಮ್ಮ ಮಕ್ಕಳಿಗೇನು ಕೆಲಸ ಎಂದು ಯಾರಾದರೂ ಕೇಳಿದರೆ, ಈ ಸಲ ಸುಮ್ಮನಿರಲಾರೆ: ನೋಡುವುದೇ ಕೆಲಸ. ಅದನ್ನು ಕಲಿಸುವುದೇ ನಮ್ಮ ಕೆಲಸ.