ಮುಂದಿನ ವಾರದ ಮಳೆಯ ಸೂಚನೆಯೂ ಬೆಂಗಳೂರಿನ ಸುತ್ತಣ ಬೀಳು ಭೂಮಿಯೂ

ಯುಗಾದಿಯ ಸುಮಾರಿಗೆ ರೇವತಿ ಮಳೆಯ ಕಾಲವು ಸಮೀಪಿಸಿತೆಂದರೆ ವೈಟ್‌ಫೀಲ್ಡ್, ವರ್ತೂರು, ಸರ್ಜಾಪುರ, ಆನೇಕಲ್ಲು, ಪೀಣ್ಯದಾಚೆಯ ದಾಸನಪುರ ಮುಂತಾದ ಕಡೆಗಳಲ್ಲಿ ಇನ್ನೂ ನೇಗಿಲು ಬಿಡದಿರುವ ಒಕ್ಕಲುಮಕ್ಕಳು ಒಬ್ಬರನ್ನೊಬ್ಬರು ಕೇಳುವುದು ಒಂದೇ ಮಾತು: ಮುಂದಿನ ವಾರ ಮಳೆಯಾಗುವುದೇ? ತಿಂಗಳಿಗೊಮ್ಮೆ ಹೊರಡುವ ಪತ್ರಿಕೆಯು ಈ ಪ್ರಶ್ನೆಗೆ ಉತ್ತರ ಕೊಡಹೊರಡುವುದು ತೇರು ಸಾಗಿದ ಮೇಲೆ ಹಗ್ಗ ಹೊಸೆದಂತಾದೀತು. ಉತ್ತರವನ್ನು ಕೊಡತಕ್ಕವರು ಬೇರೆ ಇದ್ದಾರೆ. ಅವರು ಕೊಟ್ಟುದನ್ನು ಹೇಗೆ ತೆಗೆದುಕೊಳ್ಳಬೇಕು, ಅದರಿಂದ ಭೂಮಿಗೆ ಏನು ಪ್ರಯೋಜನ ಮಾಡಿಕೊಳ್ಳಬೇಕು ಎಂಬ ವಿಷಯದಲ್ಲಿ ಮಾತ್ರ ನಾಲ್ಕು ಮಾತುಗಳನ್ನು ಹೇಳುವುದು ಅವಶ್ಯವಾಗಿ ಕಂಡುಬರುತ್ತದೆ.

ಭಾರತ ಹವಾಮಾನ ಇಲಾಖೆಯವರ ಮುನ್ಸೂಚನೆಯನ್ನು ಆಧಾರವಾಗಿಟ್ಟುಕೊಂಡು, ಹೆಬ್ಬಾಳದ ಬಳಿಯ ಗಾಂಧಿ ಕೃಷಿ ವಿಜ್ಞಾನ ಕೇಂದ್ರದಿಂದ ಪ್ರತಿ ಮಂಗಳವಾರ ಮತ್ತು ಶುಕ್ರವಾರ ಮುಂದಿನ ಐದು ದಿನಗಳ ಹವೆಯೂ ಅದಕ್ಕೆ ತಕ್ಕ ಬೇಸಾಯದ ಸಲಹೆಯೂ ಕನ್ನಡದಲ್ಲಿಯೇ ಪ್ರಕಟವಾಗುತ್ತವೆ. ಇದನ್ನು ಓದಿದವರಲ್ಲಿ ಅನೇಕರು, “ಮಳೆ ಎಂದರು, ನಮ್ಮ ಹೊಲಕ್ಕೆ ಒಂದು ಹನಿಯೂ ಬೀಳಲಿಲ್ಲ” ಎಂದು ಕಾಗದವನ್ನು ಪಕ್ಕಕ್ಕಿಡುತ್ತಾರೆ. ಅವರ ಬೇಸರವು ಸಹಜವಾದುದೇ. ಆದರೆ ಆ ಕಾಗದದ ಮಾತುಗಳಿಗೆ ಗೊತ್ತಾದ ಅರ್ಥಗಳುಂಟೆಂಬುದು ಬಹು ಮಂದಿಗೆ ತಿಳಿಯದು. “ಒಂದೆರಡು ಕಡೆ ಮಳೆ” ಎಂದು ಬರೆದಿದ್ದರೆ ಆ ಪ್ರಾಂತದ ಮಳೆಮಾಪನ ಠಾಣೆಗಳಲ್ಲಿ ನಾಲ್ಕರಲ್ಲಿ ಒಂದು ಪಾಲಿಗೆ ಮೀರದಷ್ಟು ಕಡೆ ಮಾತ್ರ ಮಳೆ ಎಂದು ತಾತ್ಪರ್ಯ. “ಕೆಲವು ಕಡೆ” ಎಂದರೆ ಕಾಲು ಪಾಲಿನಿಂದ ಅರ್ಧದವರೆಗೆ, “ಹಲವು ಕಡೆ” ಎಂದರೆ ಅರ್ಧದಿಂದ ಮುಕ್ಕಾಲಿನವರೆಗೆ. ಅದನ್ನೂ ಮೀರಿದರೆ “ಬಹುತೇಕ ಕಡೆ”. ಆದುದರಿಂದ “ಒಂದೆರಡು ಕಡೆ” ಎಂಬ ವಾರದಲ್ಲಿ ಮಳೆ ಬಾರದ ಗ್ರಾಮವು ಮುನ್ಸೂಚನೆಯನ್ನು ಸುಳ್ಳುಮಾಡಿದ ಗ್ರಾಮವಲ್ಲ. ಮುಕ್ಕಾಲು ಪಾಲಿನ ಕಡೆಗೆ ಸೇರಿದ ಗ್ರಾಮ, ಅಷ್ಟೆ. ಕೈಯಲ್ಲಿರುವ ದೂರವಾಣಿ ಯಂತ್ರವು “ಬೆಂಗಳೂರು” ಎಂಬ ಒಂದೇ ಹೆಸರಿನ ಕೆಳಗೆ ಮೋಡದ ಒಂದು ಚಿತ್ರವನ್ನು ತೋರಿಸುತ್ತದೆ. ಪೀಣ್ಯಕ್ಕೂ ಅತ್ತಿಬೆಲೆಗೂ ಒಂದೇ ಚಿತ್ರ! ಅದನ್ನು ನೋಡಿ ಬಿತ್ತುವವನಿಗಿಂತ ಪಂಚಾಂಗವನ್ನು ನೋಡಿ ಬಿತ್ತುವವನೇ ಮೇಲೆಂದರೂ ತಪ್ಪಿಲ್ಲ.

ಈ ಕಾಲದ ಮಳೆಯು ಹೀಗೆ ಚದರಿ ಬೀಳುವುದಕ್ಕೆ ಕಾರಣವಿದೆ. ಏಪ್ರಿಲ್ ಕೊನೆಯ ವಾರದಲ್ಲಿ ಸೂರ್ಯನು ಬೆಂಗಳೂರಿನ ನೆತ್ತಿಯ ಮೇಲೆಯೇ ಹಾಯುತ್ತಾನೆ. ನೆಲವು ಕಾದು, ಅದರ ಮೇಲಣ ಗಾಳಿಯು ಹಗುರವಾಗಿ ಮೇಲೇಳುತ್ತದೆ. ಮಹಾರಾಷ್ಟ್ರದ ಒಳನಾಡಿನಿಂದ ಕರ್ನಾಟಕದ ಒಳನಾಡನ್ನು ಹಾದು ದಕ್ಷಿಣಕ್ಕೆ ಚಾಚುವ ತಗ್ಗು ಒತ್ತಡದ ಪಟ್ಟಿಯೊಂದು ಈ ತಿಂಗಳುಗಳಲ್ಲಿ ಆಗಾಗ್ಗೆ ಏರ್ಪಡುವುದುಂಟು. ಎರಡು ಕಡಲುಗಳ ತೇವವೂ ಆ ಪಟ್ಟಿಗೆ ಬಂದು ಸೇರಿದ ದಿನ, ಮಧ್ಯಾಹ್ನ ಮೂರು ಗಂಟೆಯ ಮೇಲೆ ಗುಡುಗುಮೋಡಗಳು ಗೋಪುರದಂತೆ ಏಳುತ್ತವೆ. ಒಂದೊಂದು ಮೋಡದ ಹರವು ಕೆಲವೇ ಮೈಲಿ. ಅದರ ಆಯುಸ್ಸು ಒಂದೆರಡು ಗಂಟೆ. ಇಂಥ ವಾರ ಬರುತ್ತದೆಂದು ಮೊದಲೇ ಹೇಳಬಹುದು. ಯಾವ ಮೋಡವು ಯಾರ ಸರ್ವೆ ನಂಬರಿನ ಮೇಲೆ ನಿಲ್ಲುವುದೆಂಬುದನ್ನು ಐದು ದಿನ ಮುಂಚೆ ಹೇಳಬಲ್ಲ ಶಾಸ್ತ್ರವು ಇನ್ನೂ ಹುಟ್ಟಿಲ್ಲ.

ವರ್ಷದಿಂದ ವರ್ಷಕ್ಕೆ ಆಗುವ ವ್ಯತ್ಯಾಸವೂ ಕಡಿಮೆಯದಲ್ಲ. ಬೆಂಗಳೂರು ನಗರದ ವೀಕ್ಷಣಾಲಯದಲ್ಲಿ ಏಪ್ರಿಲ್ ತಿಂಗಳ ವಾಡಿಕೆ ಮಳೆ ಸುಮಾರು ೬೦ ಮಿಲಿಮೀಟರು, ಎಂದರೆ ಎರಡೂವರೆ ಇಂಚಿಗೆ ತುಸು ಕಡಿಮೆ. ೨೦೧೬ರ ಏಪ್ರಿಲ್ ಕೊನೆಯಲ್ಲಿ ಅದೇ ವೀಕ್ಷಣಾಲಯದಲ್ಲಿ ಉಷ್ಣತೆಯು ೩೯.೨ ಡಿಗ್ರಿಗೆ ಏರಿತು. ೨೦೨೪ರ ಏಪ್ರಿಲ್‌ನಲ್ಲಿ ಅಲ್ಲಿ ಅಳತೆಗೆ ಸಿಕ್ಕುವ ಮಳೆಯೇ ಆಗಲಿಲ್ಲ. ೧೯೮೩ರ ತರುವಾಯ ಅಂಥ ಏಪ್ರಿಲ್ ಬಂದಿರಲಿಲ್ಲ. ಮರುವರ್ಷ, ೨೦೨೫ರ ಮೇ ತಿಂಗಳಿನಲ್ಲಿ, ೩೦೦ ಮಿಲಿಮೀಟರಿಗೂ ಮಿಕ್ಕಿ ಸುರಿದು, ಅದುವರೆಗಿನ ಎಲ್ಲಾ ಮೇ ತಿಂಗಳುಗಳ ಲೆಕ್ಕವನ್ನೂ ಮೀರಿಸಿತು. “ಭರಣಿ ಸುರಿದರೆ ಧರಣಿ ಬೆಳೆದೀತು” ಎಂದು ಹಿರಿಯರು ನಂಬಿದ್ದುದು ಸರಿಯೇ. ಆದರೆ ಭರಣಿ ಸುರಿದ ದಿನ ಧರಣಿಯು ಅದನ್ನು ಕುಡಿಯಲು ಸಿದ್ಧವಾಗಿರಬೇಕಷ್ಟೆ.

ವಿಚಾರಿಸತಕ್ಕ ಮುಖ್ಯ ಸಂಗತಿಯು ಇದೇ. ವೈಟ್‌ಫೀಲ್ಡ್ ಎಂಬ ಊರು ಹುಟ್ಟಿದ್ದೇ ಬೇಸಾಯಕ್ಕಾಗಿ. ೧೮೮೨ರಲ್ಲಿ ಚಾಮರಾಜೇಂದ್ರ ಒಡೆಯರವರು ಸುಮಾರು ೩,೯೦೦ ಎಕರೆ ಭೂಮಿಯನ್ನು ಆಂಗ್ಲೋ-ಇಂಡಿಯನ್ ಜನರ ಸಂಘಕ್ಕೆ ಒಕ್ಕಲುತನಕ್ಕೆಂದು ದಯಪಾಲಿಸಿದ್ದರು. ೧೯೭೮ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ಹೊಲಗಳಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ನೆಲೆ ದೊರೆಯಿತು. ಕಟ್ಟಡವೆದ್ದ ನೆಲದ ಮಾತು ಮುಗಿದುಹೋಯಿತು. ಅದನ್ನು ಕುರಿತು ಹಲುಬಿ ಫಲವಿಲ್ಲ. ಆದರೆ ಈ ಕೈಗಾರಿಕಾ ಪ್ರದೇಶಗಳ ಅಂಚಿನಲ್ಲಿ, ಕಟ್ಟಡವೂ ಏಳದೆ ಬೆಳೆಯೂ ಕಾಣದೆ, ಬೆಲೆ ಏರಲೆಂದು ಕಾಯುತ್ತಾ ಬೀಳುಬಿದ್ದಿರುವ ಜಮೀನುಗಳು ಹೇರಳವಾಗಿವೆ. ಕೆಮ್ಮಣ್ಣಿನ ನೆಲವನ್ನು ನಾಲ್ಕು ವರ್ಷ ಉಳದೆ ಬಿಟ್ಟರೆ ಮೇಲ್ಪದರವು ಹೆಪ್ಪುಗಟ್ಟಿ ಕಣದ ನೆಲದಂತಾಗುತ್ತದೆ. ಅದರ ಮೇಲೆ ಬಿದ್ದ ಬಿರುಮಳೆಯು ಇಂಗುವುದಕ್ಕೆ ಬದಲಾಗಿ, ರಸ್ತೆಯ ಮೇಲಿನ ನೀರಿನಂತೆಯೇ ಕಾಲುವೆಗೆ ಓಡುತ್ತದೆ.

ಲೆಕ್ಕವನ್ನು ನೋಡಬೇಕು. ಒಂದು ಎಕರೆಯ ಮೇಲೆ ಬಿದ್ದ ಒಂದು ಇಂಚು ಮಳೆಯೆಂದರೆ ಒಂದು ಲಕ್ಷ ಲೀಟರಿಗೂ ಮೇಲ್ಪಟ್ಟ ನೀರು. ೬,೦೦೦ ಲೀಟರು ಹಿಡಿಸುವ ಟ್ಯಾಂಕರುಗಳಲ್ಲಿ ಅಳೆದರೆ ಹದಿನೇಳು ಟ್ಯಾಂಕರು. ೨೦೨೪ರ ಬೇಸಗೆಯಲ್ಲಿ ನಗರದ ಸುಮಾರು ೧೩,೯೦೦ ಕೊಳವೆಬಾವಿಗಳ ಪೈಕಿ ೬,೯೦೦ ಬತ್ತಿದುವೆಂದು ಸರ್ಕಾರದವರೇ ಪ್ರಕಟಿಸಿದರು. ವೈಟ್‌ಫೀಲ್ಡ್ ಕಡೆಯ ಜನರು ಟ್ಯಾಂಕರನ್ನೇ ಕಾದು ಕುಳಿತಿದ್ದರು. ಹತ್ತು ಎಕರೆಯ ಒಡೆಯನೊಬ್ಬನು ತನ್ನ ಬೀಳಿನ ಮೇಲೆ ಒಂದೇ ಸಂಜೆ ಬಿದ್ದ ನೂರೆಪ್ಪತ್ತು ಟ್ಯಾಂಕರು ನೀರಿನಲ್ಲಿ ಹೆಚ್ಚಿನ ಪಾಲನ್ನು ಚರಂಡಿಗೆ ಹೋಗಗೊಟ್ಟು, ಮರುದಿನ ತನ್ನ ತೆಂಗಿನ ಗಿಡಗಳಿಗೆ ಹಣ ಕೊಟ್ಟು ಟ್ಯಾಂಕರು ತರಿಸುವುದನ್ನು ಯಾವ ವ್ಯವಹಾರಜ್ಞಾನವೆಂದು ಕರೆಯಬೇಕೋ ತಿಳಿಯದು.

“ಮಾರಲಿರುವ ಭೂಮಿಗೆ ಉಳುಮೆಯ ಖರ್ಚು ಏಕೆ?” ಎಂದು ಒಡೆಯರು ಕೇಳುವರು. ಒಮ್ಮೆ ಉತ್ತುದರಿಂದ ಭೂಮಿಯ ಕ್ರಯವೇನೂ ತಗ್ಗುವುದಿಲ್ಲ. ಇಂಗಿದ ನೀರು ಒಡೆಯನ ಬೇಲಿಯೊಳಗೇ ನಿಲ್ಲದೆ ನೆರೆಯವನ ಬಾವಿಗೂ ಸೇರುವುದೆಂಬ ಆಕ್ಷೇಪವು ನಿಜವೇ; ಆದರೆ ನೆರೆಯವನ ಹೊಲದ ನೀರು ಈ ಕಡೆಗೂ ಬರುವುದಷ್ಟೆ. ಸ್ವತಃ ಉಳಲಾರದವರು ಊರಿನ ಬಡ ರೈತನಿಗೆ ಒಂದು ಬೆಳೆಯ ಮಟ್ಟಿಗೆ ಬಿಟ್ಟುಕೊಡಬಹುದು. ಹಾಗೆ ಬಿಟ್ಟರೆ ಹಕ್ಕು ಕೈತಪ್ಪೀತೆಂಬ ಭಯವು ಅನೇಕರಿಗುಂಟು, ಅದು ಪೂರಾ ಆಧಾರವಿಲ್ಲದ ಭಯವೂ ಅಲ್ಲ. ಅಂಥವರು ಕೂಲಿಗೆ ಟ್ರ್ಯಾಕ್ಟರು ತರಿಸಿ ಇಳಿಜಾರಿಗೆ ಅಡ್ಡಲಾಗಿ ಒಂದು ಸಾಲು ಉಳಿಸಿ, ಬದುಗಳನ್ನು ಕಟ್ಟಿಸಿದರೂ ಸಾಕು.

ವಾರದ ಮುನ್ಸೂಚನೆಯ ಬೆಲೆ ತಿಳಿಯುವುದು ಇಲ್ಲಿಯೇ. ಕೆಮ್ಮಣ್ಣಿನಲ್ಲಿ ಮೊದಲ ಮಳೆಯ ಹದವು ಮೂರು ನಾಲ್ಕು ದಿನಕ್ಕಿಂತ ಹೆಚ್ಚು ನಿಲ್ಲದು. ಮಳೆಯಾದ ಮೇಲೆ ಟ್ರ್ಯಾಕ್ಟರು ಹುಡುಕಹೊರಟರೆ ಊರಿಗೆ ಊರೇ ಅದರ ಹಿಂದೆ ಓಡುತ್ತಿರುತ್ತದೆ. ಸರದಿ ಬರುವ ವೇಳೆಗೆ ನೆಲವು ಪುನಃ ಕಲ್ಲಾಗಿರುತ್ತದೆ. ಮಂಗಳವಾರದ ಕಾಗದದಲ್ಲಿ “ಕೆಲವು ಕಡೆ” ಅಥವಾ “ಹಲವು ಕಡೆ” ಎಂದು ಕಂಡಾಗಲೇ ಗೊತ್ತುಮಾಡಿಕೊಂಡವನಿಗೆ ಹದ ಸಿಕ್ಕುತ್ತದೆ. ಮಳೆ ತಪ್ಪಿದರೆ ಅವನಿಗೆ ನಷ್ಟವಾಗುವುದು ಒಂದು ಮಾತು ಮಾತ್ರ. ಉಳುವುದಕ್ಕೆ ಅವಸರ ತಕ್ಕದ್ದು, ಬಿತ್ತುವುದಕ್ಕೆ ತಕ್ಕದ್ದಲ್ಲ. ಅಶ್ವಿನಿಯ ಒಂದು ಮಳೆಗೆ ಮರುಳಾಗಿ ರಾಗಿಯನ್ನು ಚೆಲ್ಲಿದವನು ಮೊಳಕೆ ಒಣಗಿದ ಮೇಲೆ ಬೀಜಕ್ಕೆ ಸಾಲ ಮಾಡಬೇಕಾದೀತು. ಎಳ್ಳು, ಅಲಸಂದೆಗಳ ಮಾತು ಬೇರೆ.

ಉಳಿದ ಎಚ್ಚರಿಕೆಗಳನ್ನು ಬಲ್ಲವರಿಗೆ ವಿಸ್ತರಿಸಬೇಕಾದುದಿಲ್ಲ. ಗಾಳಿ, ಆಲಿಕಲ್ಲಿನ ಸೂಚನೆಯಿದ್ದ ವಾರ ಹಣ್ಣಾದ ದ್ರಾಕ್ಷಿಯನ್ನು ಬಳ್ಳಿಯಲ್ಲಿ ಬಿಡಕೂಡದು. ಹೂವಿನ ಹಸಿರುಮನೆಗಳ ಹೊದಿಕೆಯನ್ನು ಬಿಗಿಯಿಸಬೇಕು. ಔಷಧಿ ಸಿಂಪಡಿಸುವುದನ್ನೂ ಮೇಲುಗೊಬ್ಬರವನ್ನೂ ತಡೆಯಬೇಕು. ಸಿಡಿಲಿನ ವಿಷಯದಲ್ಲಿ ವಾರದ ಕಾಗದವು ಸಾಲದು. ಮೂರು ಗಂಟೆಗಳ ಮಟ್ಟಿಗೆ ಹೊರಡುವ ತುರ್ತು ಸೂಚನೆಯನ್ನೂ “ದಾಮಿನಿ” ಎಂಬ ಸಾಧನವನ್ನೂ ನೋಡತಕ್ಕದ್ದು. ಗುಡುಗು ಕೇಳಿದೊಡನೆ ಒಂಟಿ ಮರದ ಕೆಳಗೆ ದನ ಕಟ್ಟುವ ವಾಡಿಕೆಯನ್ನು ಹಿರಿಯರು ಗದರಿಯಾದರೂ ಬಿಡಿಸಬೇಕು.

ಪಟೇಲಿಕೆ ಹೋಗಿ ಪಂಚಾಯಿತಿ ಬಂದಿದ್ದರೂ ಊರಿನ ಮುಖಂಡರ ಮಾತಿಗೆ ಇಂದಿಗೂ ತೂಕವಿದೆ. ಭರಣಿಗೆ ಮುಂಚೆ ರಾಜಕಾಲುವೆಯ ಹೂಳನ್ನೂ ಕಸವನ್ನೂ ತೆಗೆಯಿಸುವುದು ಅವರಿಂದಲೇ ಆಗತಕ್ಕ ಕೆಲಸ. ಬೆಳ್ಳಂದೂರು, ವರ್ತೂರು ಕೆರೆಗಳ ಮೂಲಕ ದಕ್ಷಿಣ ಪಿನಾಕಿನಿಗೆ ಹೋಗುವ ನೀರಾಗಲಿ, ಪೀಣ್ಯದ ಕಡೆಯಿಂದ ವೃಷಭಾವತಿಗೆ ಇಳಿಯುವ ನೀರಾಗಲಿ, ಕಾಲುವೆ ಕಟ್ಟಿಕೊಂಡರೆ ಮೊದಲು ನುಗ್ಗುವುದು ತಗ್ಗಿನ ಹೊಲಗಳಿಗೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿಯೇ ಮಳೆಮಾಪಕಗಳನ್ನು ಇರಿಸಿದ್ದಾರೆ. ಅವರ “ವರುಣಮಿತ್ರ” ದೂರವಾಣಿಯಲ್ಲಿ ಹಗಲಿರುಳೂ ವಿಚಾರಿಸಬಹುದು. ಮಂಗಳವಾರ ಮತ್ತು ಶುಕ್ರವಾರದ ಕಾಗದವನ್ನು ಪಂಚಾಯಿತಿಯ ಬಾಗಿಲಿಗೆ ಅಂಟಿಸಿ, ಅದರ ಪಕ್ಕದಲ್ಲಿಯೇ ಪ್ರತಿ ಬೆಳಿಗ್ಗೆ ಎಂಟೂವರೆ ಗಂಟೆಯ ಅಳತೆಯನ್ನು ಸೀಮೆಸುಣ್ಣದಲ್ಲಿ ಬರೆಯಿಸಲು ಖರ್ಚೇನೂ ತಗಲದು. ಹೇಳಿದ್ದೆಷ್ಟು, ಬಿದ್ದದ್ದೆಷ್ಟು ಎಂಬುದನ್ನು ಎರಡು ಬೇಸಗೆ ಹೀಗೆ ಬರೆದಿಟ್ಟ ಗ್ರಾಮದವರು ಮುನ್ಸೂಚನೆಯನ್ನು ಎಷ್ಟರಮಟ್ಟಿಗೆ ನಂಬಬೇಕೆಂದು ಬೇರೆಯವರನ್ನು ಕೇಳಬೇಕಾಗಿರುವುದಿಲ್ಲ.